ಅನುಭವ: ನೆಲದ ಹಕ್ಕು, ಕರ್ಮದ ಫಲ

ಕನ್ನಡದಲ್ಲಿ ‘ಅನುಭವ’ ಪದದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 12ನೇ ಶತಮಾನದ ಕಲ್ಯಾಣದಿಂದ ಹೊರಡುತ್ತಾರೆ. ಅನುಭವ ಮಂಟಪ, ಶಿವಾನುಭವ, ಅನುಭಾವ ಎಂದು ಸಾಗುವ ಆ ದಾರಿ ತಪ್ಪೇನಲ್ಲ. ಆದರೆ ಅದೊಂದನ್ನೇ ಹಿಡಿದರೆ ಈ ಪದ ಹೊಲ, ತೋಟಗಳಲ್ಲಿ ನಡೆಸಿದ ಬಾಳು ಕಾಣದೆ ಹೋಗುತ್ತದೆ.

ನಮ್ಮ ಮಲೆನಾಡಿನ ಸಂಸೆ, ಕಳಸದ ಕಡೆಯ ಕಾಫಿ ತೋಟವೊಂದರ ಕ್ರಯಪತ್ರವನ್ನು ಬಿಡಿಸಿ ನೋಡಿ. ಸರ್ವೆ ನಂಬರು, ಚಕ್ಕುಬಂದಿಗಳ ಜೊತೆಗೆ ‘ಸ್ವಾಧೀನಾನುಭವ’ ಎಂಬ ಮಾತು ಇರುತ್ತದೆ. ಮಾರುವವರು ಜಮೀನು ಇದುವರೆಗೆ ತಮ್ಮ ಸ್ವಾಧೀನಾನುಭವದಲ್ಲಿತ್ತು ಎನ್ನುತ್ತಾರೆ. ಕೊಂಡವರು ಇನ್ನು ಮುಂದೆ ಪುತ್ರಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು ಎಂದು ಬರೆದುಕೊಡುತ್ತಾರೆ. ಇಲ್ಲಿ ಅನುಭವ ಮನಸ್ಸಿನೊಳಗಿನ ಸಂಗತಿಯಲ್ಲ. ನೆಲ ಹಿಡಿದು, ಅದರ ಫಲ ಉಣ್ಣುವುದು.

ಈ ಒಕ್ಕಣೆ ಇಂದಿನ ಪತ್ರಬರಹಗಾರರು ಕಟ್ಟಿದ್ದಲ್ಲ. ವಿಜಯನಗರ ಕಾಲದ ದಾನಶಾಸನಗಳು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಅಷ್ಟಭೋಗಗಳನ್ನು ಎಣಿಸಿ, ದಾನ ಪಡೆದವರು ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಅವನ್ನು ಅನುಭವಿಸಲಿ ಎನ್ನುತ್ತವೆ. ನಮ್ಮ ಸೀಮೆಯ ಶಾಸನಗಳನ್ನು ಓದಬೇಕೆನ್ನುವವರಿಗೆ ಬಿ.ಎಲ್. ರೈಸ್ 1901ರಲ್ಲಿ ತಂದ ಎಪಿಗ್ರಾಫಿಯಾ ಕರ್ನಾಟಿಕಾದ 6ನೇ ಸಂಪುಟವಿದೆ. ಆಗಿನ ಕಡೂರು ಜಿಲ್ಲೆಯ ಆ ಸಂಪುಟದಲ್ಲಿ ಶೃಂಗೇರಿಯವೂ ಕಳಸದವೂ ಸೇರಿವೆ.

ಎರಡನೆಯ ಎಳೆ ಜೈನರದು. ಕಳಸ–ಕಾರ್ಕಳವನ್ನು ಆಳಿದ ಭೈರರಸರು ಜೈನರು. ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದವನು ಆ ವಂಶದ ವೀರಪಾಂಡ್ಯ. ಸಂಸೆಯಲ್ಲೂ ಬಸದಿಯಿದೆ. ದಶಲಕ್ಷಣ ಪರ್ವದ ಹತ್ತು ದಿನ ಜೈನರು ದಿನಕ್ಕೊಂದು ಅಧ್ಯಾಯದಂತೆ ಓದುವ ತತ್ತ್ವಾರ್ಥಸೂತ್ರದ 8ನೇ ಅಧ್ಯಾಯ ಕರ್ಮಬಂಧವನ್ನು ಕುರಿತದ್ದು. ಅಲ್ಲಿ ಬಂಧದ ನಾಲ್ಕು ಬಗೆಗಳಲ್ಲಿ ಅನುಭವವೂ ಒಂದು; ಕಟ್ಟಿಕೊಂಡ ಕರ್ಮ ಪಕ್ವವಾಗಿ ಫಲ ಕೊಡುವುದಕ್ಕೇ ಆ ಹೆಸರು. ದಿಗಂಬರ ಪಾಠದಲ್ಲಿ ಅನುಭವ ಎಂದಿದ್ದರೆ ಶ್ವೇತಾಂಬರ ಪಾಠದಲ್ಲಿ ಅನುಭಾವ ಎಂದಿದೆ. ಅನುಭಾವ ಎಂದೊಡನೆ ವಚನಗಳನ್ನಷ್ಟೇ ನೆನೆಯುವ ನಾವು ಇದನ್ನು ಗಮನಿಸಬೇಕು. ‘ಮಾಡಿದ್ದನ್ನು ಅನುಭವಿಸಲಿ’ ಎಂದು ಇವತ್ತಿಗೂ ನೊಂದವರು ಆಡುವ ಮಾತಿನಲ್ಲಿ ಇರುವುದು ಇದೇ ಅರ್ಥ. ನೆಲದ ಅನುಭವ ಮೊಮ್ಮಕ್ಕಳಿಗೆ ದಾಟುತ್ತದೆ, ಕರ್ಮದ್ದು ದಾಟುವುದಿಲ್ಲ. ಆದರೂ ಫಲ ಉಣ್ಣುವುದೆಂಬ ತಿರುಳು ಎರಡಕ್ಕೂ ಒಂದೇ.

ವೇದಾಂತದ ಕಡೆ ಹೆಚ್ಚು ನಿಲ್ಲಬೇಕಿಲ್ಲ. ಬ್ರಹ್ಮಜ್ಞಾನ ಅನುಭವದಲ್ಲಿ ಕೊನೆಗೊಳ್ಳಬೇಕು ಎಂದು ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಹೇಳಿದರು. 17ನೇ ಶತಮಾನದ ಮಹಾಲಿಂಗರಂಗ ‘ಅನುಭವಾಮೃತ’ದಲ್ಲಿ ಅದ್ವೈತವನ್ನು ಕನ್ನಡಕ್ಕಿಳಿಸಿದ. ತರ್ಕಶಾಸ್ತ್ರದಲ್ಲಿ ಮಾತ್ರ ಈ ಪದ ಒಣಗಿತು: ನೆನಪಲ್ಲದ ಅರಿವೆಲ್ಲ ಅನುಭವ ಎಂದಿತು ತರ್ಕಸಂಗ್ರಹ. ಶರಣರು ಹಾಗೆ ಬಿಡಲಿಲ್ಲ. ಓದಿ ಬಂದದ್ದಲ್ಲ, ತಾನೇ ಉಂಡು ಅರಿತದ್ದು ಎಂಬ ಕಸುವು ಅವರ ಬಳಕೆಯಲ್ಲಿ ಉಳಿಯಿತು. ಇಂದಿನ ‘ಐದು ವರ್ಷ ಅನುಭವವುಳ್ಳವರು ಬೇಕಾಗಿದ್ದಾರೆ’ ಎಂಬ ಜಾಹೀರಾತಿಗೆ ಬರುವಷ್ಟರಲ್ಲಿ ಆ ಕಸುವು ಬಹಳ ತೆಳುವಾಗಿದೆ. ಮರಗಸಿ ಮಾಡುವಾಗ ಯಾವ ಕೊಂಬೆ ಇಳಿಸಬೇಕು, ಯಾವುದನ್ನು ನೆರಳಿಗೆ ಬಿಡಬೇಕು ಎಂದು ಬುಡದಲ್ಲಿ ನಿಂತೇ ಹೇಳುವವನನ್ನು ತೋಟದವರು ಕೈ ಪಳಗಿದವನು ಎನ್ನುತ್ತಾರೆ. ಆ ಜಾಣ್ಮೆಗೆ ಸರ್ಟಿಫಿಕೇಟು ಕೇಳುವುದಿಲ್ಲ.

ಪದದ ಹಳೆಯ ಅರ್ಥ ನಮ್ಮ ಸೀಮೆಯಲ್ಲಿ ಈಗಲೂ ಬದುಕಿನ ಪ್ರಶ್ನೆ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು; ಆ ಕಾಡಿನಲ್ಲಿ ಮೊದಲಿನಿಂದ ಇದ್ದವರ ನೆಲದ ಅನುಭವದ ಗತಿಯೇನು ಎಂಬುದೇ ಆ ಪ್ರಶ್ನೆ. 2006ರ ಅರಣ್ಯ ಹಕ್ಕು ಕಾಯ್ದೆ, 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನಲ್ಲಿ ಬಾಳಿದ ಮಲೆಕುಡಿಯರಂಥ ಬುಡಕಟ್ಟಿನವರಿಗೆ ಹಕ್ಕು ಕೊಡುತ್ತದೆ. ಇತರ ಪಾರಂಪರಿಕ ಅರಣ್ಯವಾಸಿಗಳಾದರೆ ಆ ದಿನಕ್ಕೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿ ನೆಲೆಸಿರಬೇಕು. ಕಾಗದಪತ್ರವಿಲ್ಲದವರ ಮಟ್ಟಿಗೆ ಒಂದು ನಿಯಮ ಮುಖ್ಯ: ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದಿಟ್ಟರೆ ಅದೂ ಸಾಕ್ಷ್ಯ. ಹಿರಿಯರು ಕಂಡ ಅನುಭವ, ನೆರೆಯವರ ನೆಲದ ಅನುಭವಕ್ಕೆ ಆಧಾರವಾಗುವುದು ಹೀಗೆ. ಆದ್ದರಿಂದ ಅರಣ್ಯ ಹಕ್ಕು ಸಮಿತಿಗಳು ಆ ಹೇಳಿಕೆಗಳನ್ನು ಹಿರಿಯರ ಮಾತಿನಲ್ಲೇ, ತಿದ್ದದೆ ಬರೆದುಕೊಳ್ಳಬೇಕು. ನಿಘಂಟು ಕಟ್ಟುವವರು ವಚನ, ಶಾಸನಗಳ ಜೊತೆಗೆ ಅವನ್ನೂ ಓದಬೇಕು.