ಅಮೆರಿಕದಲ್ಲಿರುವ ಬಂಧುಗಳ ಪ್ರಾಯೋಜಕತ್ವದಲ್ಲಿ ವಲಸೆ ಮತ್ತು ಖಾಯಂ ನಿವಾಸ: ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿರುವ ಬಂಧುಗಳ ಪ್ರಾಯೋಜಕತ್ವದ ಮೇಲೆ ಅಲ್ಲಿಗೆ ವಲಸೆ ಹೋಗಲಿಚ್ಛಿಸುವ ನಾಗರಿಕರು ಜನನ, ವಿವಾಹ ಮುಂತಾದ ಪ್ರಮಾಣಪತ್ರಗಳಿಗಾಗಿ ರಾಜ್ಯದ ಕಚೇರಿಗಳಿಗೆ ಅರ್ಜಿ ಸಲ್ಲಿಸುತ್ತಾರೆ. ವೀಸಾ ನೀಡುವ ಅಧಿಕಾರ ಆ ದೇಶದ ಸರ್ಕಾರಕ್ಕೆ ಸೇರಿದ್ದು, ರಾಜ್ಯದ ಯಾವುದೇ ಕಚೇರಿಗೆ ಆ ಅಧಿಕಾರವಿರುವುದಿಲ್ಲ. ಆದರೆ ಸಂಬಂಧವನ್ನು ರುಜುವಾತುಪಡಿಸುವ ದಾಖಲೆಗಳು ಇಲ್ಲಿಯೇ ದೊರೆಯತಕ್ಕವು. ಹಲವು ವರ್ಷ ಕಾಯ್ದ ಅರ್ಜಿಯು ಒಂದು ಹೆಸರಿನ ವ್ಯತ್ಯಾಸದಿಂದ ಅಥವಾ ಅಕಾಲದಲ್ಲಿ ನಡೆದ ವಿವಾಹದಿಂದ ನಿಷ್ಫಲವಾಗಬಹುದಾದ್ದರಿಂದ ಈ ಮಾಹಿತಿಯನ್ನು ನೀಡಲಾಗಿದೆ.

1. ಯಾರು ಯಾರನ್ನು ಪ್ರಾಯೋಜಿಸಬಹುದು

ಅಮೆರಿಕದ ಪೌರರು ತಮ್ಮ ಪತಿ ಅಥವಾ ಪತ್ನಿ, 21 ವರ್ಷದೊಳಗಿನ ಅವಿವಾಹಿತ ಮಕ್ಕಳು ಹಾಗೂ ತಂದೆ ತಾಯಿಯನ್ನು ಪ್ರಾಯೋಜಿಸಬಹುದು. ತಂದೆ ತಾಯಿಗಾಗಿ ಹಾಗೂ ಒಡಹುಟ್ಟಿದವರಿಗಾಗಿ ಅರ್ಜಿ ಸಲ್ಲಿಸುವ ಪೌರರಿಗೆ 21 ವರ್ಷ ತುಂಬಿರಬೇಕು. ಈ ಹತ್ತಿರದ ಬಂಧುಗಳಿಗೆ ವಾರ್ಷಿಕ ಮಿತಿ ಇರುವುದಿಲ್ಲ. ತಂದೆ ಮತ್ತು ತಾಯಿಗೆ ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು. ಒಬ್ಬರ ಅರ್ಜಿಯಲ್ಲಿ ಮತ್ತೊಬ್ಬರು ಸೇರುವುದಿಲ್ಲ.

ಇನ್ನುಳಿದವರು ಈ ಕೆಳಕಂಡ ಆದ್ಯತಾ ವರ್ಗಗಳಲ್ಲಿ ಬರುತ್ತಾರೆ:

ಅ) ಎಫ್-1: ಪೌರರ 21 ವರ್ಷ ಮೀರಿದ ಅವಿವಾಹಿತ ಮಕ್ಕಳು.
ಆ) ಎಫ್-2ಎ: ಖಾಯಂ ನಿವಾಸಿಗಳ ಪತಿ, ಪತ್ನಿ ಮತ್ತು 21 ವರ್ಷದೊಳಗಿನ ಅವಿವಾಹಿತ ಮಕ್ಕಳು.
ಇ) ಎಫ್-2ಬಿ: ಖಾಯಂ ನಿವಾಸಿಗಳ 21 ವರ್ಷ ಮೀರಿದ ಅವಿವಾಹಿತ ಮಕ್ಕಳು.
ಈ) ಎಫ್-3: ಪೌರರ ವಿವಾಹಿತ ಮಕ್ಕಳು.
ಉ) ಎಫ್-4: ಪೌರರ ಸಹೋದರ, ಸಹೋದರಿಯರು.

ಗ್ರೀನ್ ಕಾರ್ಡ್ ಮಾತ್ರ ಹೊಂದಿರುವ ಖಾಯಂ ನಿವಾಸಿಗಳು ತಂದೆ ತಾಯಿಯನ್ನಾಗಲಿ, ಒಡಹುಟ್ಟಿದವರನ್ನಾಗಲಿ, ವಿವಾಹಿತ ಮಕ್ಕಳನ್ನಾಗಲಿ ಪ್ರಾಯೋಜಿಸಲು ಬರುವುದಿಲ್ಲ.

2. ಆದ್ಯತಾ ದಿನಾಂಕ

ಪ್ರಾಯೋಜಕರು ನಮೂನೆ ಐ-130ನ್ನು ಅಮೆರಿಕದ ವಲಸೆ ಇಲಾಖೆಗೆ ಸಲ್ಲಿಸತಕ್ಕದ್ದು. ಅದು ಸ್ವೀಕೃತವಾದ ದಿನವೇ ಆದ್ಯತಾ ದಿನಾಂಕವಾಗಿದ್ದು, ಸರತಿಯಲ್ಲಿ ಕುಟುಂಬದ ಸ್ಥಾನವನ್ನು ಅದು ನಿರ್ಧರಿಸುತ್ತದೆ. ಎಫ್-1 ಮತ್ತು ಎಫ್-3 ವರ್ಗಗಳಿಗೆ ತಲಾ 23,400, ಎಫ್-4 ವರ್ಗಕ್ಕೆ 65,000 ವೀಸಾಗಳು ವರ್ಷಕ್ಕೆ ಮೂಲತಃ ನಿಗದಿಯಾಗಿವೆ. ಯಾವುದೇ ಒಂದು ದೇಶಕ್ಕೆ ಆದ್ಯತಾ ವೀಸಾಗಳ ಶೇಕಡ 7ರ ಮಿತಿಯೂ ಇರುವುದರಿಂದ ಭಾರತೀಯರು ಎಫ್-4 ವರ್ಗದಲ್ಲಿ 15 ವರ್ಷಗಳಿಗೂ ಮೀರಿ ಕಾಯಬೇಕಾಗುತ್ತದೆ. ಪ್ರತಿ ತಿಂಗಳು ಪ್ರಕಟವಾಗುವ ವೀಸಾ ಬುಲೆಟಿನ್‌ನಲ್ಲಿ ಸರತಿಯ ಸ್ಥಿತಿಯನ್ನು ಉಚಿತವಾಗಿ ತಿಳಿಯಬಹುದು.

3. ವಿವಾಹ ಮತ್ತು ವಯಸ್ಸು

ಎಫ್-2ಬಿ ವರ್ಗದಲ್ಲಿ ಕಾಯುತ್ತಿರುವ ಮಗ ಅಥವಾ ಮಗಳು, ಪ್ರಾಯೋಜಕರು ಪೌರತ್ವ ಪಡೆಯುವ ಮುನ್ನ ವಿವಾಹವಾದಲ್ಲಿ ಆ ಅರ್ಜಿ ರದ್ದಾಗುತ್ತದೆ. ನಂತರ ಪೌರತ್ವ ದೊರೆತರೂ ಹಳೆಯ ಅರ್ಜಿಗೆ ಜೀವ ಬರುವುದಿಲ್ಲ. ಹೊಸ ಅರ್ಜಿ ಸಲ್ಲಿಸಿ ಸರತಿಯ ಕೊನೆಯಲ್ಲಿ ನಿಲ್ಲಬೇಕಾಗುತ್ತದೆ. ಎಫ್-1 ವರ್ಗದವರು ವಿವಾಹವಾದಲ್ಲಿ ಅದೇ ಆದ್ಯತಾ ದಿನಾಂಕದೊಡನೆ ಎಫ್-3 ವರ್ಗಕ್ಕೆ ಸೇರುತ್ತಾರೆ. ಆದುದರಿಂದ ಲಗ್ನ ನಿಶ್ಚಯಕ್ಕೆ ಮೊದಲೇ ಪ್ರಾಯೋಜಕರ ಸ್ಥಾನಮಾನವನ್ನು ಖಚಿತಪಡಿಸಿಕೊಳ್ಳತಕ್ಕದ್ದು. ವಿವಾಹವನ್ನು ಮರೆಮಾಚುವುದು ಅಪರಾಧವಾಗಿದ್ದು, ವಲಸೆಗೆ ಶಾಶ್ವತ ಅಡ್ಡಿಯಾಗಬಹುದು.

ಎಫ್-3 ಮತ್ತು ಎಫ್-4 ವರ್ಗದ ಅರ್ಜಿದಾರರ ಮಕ್ಕಳು 21 ವರ್ಷದೊಳಗಿನವರೂ ಅವಿವಾಹಿತರೂ ಆಗಿದ್ದರೆ ಮಾತ್ರ ಜೊತೆಯಲ್ಲಿ ಹೋಗಬಹುದು. ಅಲ್ಲಿನ 2002ರ ಮಕ್ಕಳ ಸ್ಥಾನಮಾನ ರಕ್ಷಣಾ ಕಾಯ್ದೆಯಂತೆ, ಐ-130 ಅರ್ಜಿಯು ತೀರ್ಮಾನಕ್ಕಾಗಿ ಬಾಕಿಯಿದ್ದ ದಿನಗಳನ್ನು ಮಗುವಿನ ವಯಸ್ಸಿನಿಂದ ಕಳೆಯಲಾಗುತ್ತದೆ. ಅನುಮೋದನೆಯ ನಂತರ ಸರತಿಯಲ್ಲಿ ಕಳೆದ ವರ್ಷಗಳಿಗೆ ಈ ರಿಯಾಯಿತಿ ಇಲ್ಲ. ಆದ್ದರಿಂದ ಸ್ವೀಕೃತಿ ಹಾಗೂ ಅನುಮೋದನೆಯ ಪತ್ರಗಳೆರಡನ್ನೂ ಜೋಪಾನವಾಗಿಡತಕ್ಕದ್ದು.

4. ಪ್ರಾಯೋಜಕರ ಆರ್ಥಿಕ ಹೊಣೆ

ಪ್ರಾಯೋಜಕರು ನಮೂನೆ ಐ-864ರಲ್ಲಿ ಜೀವನಾಧಾರದ ಮುಚ್ಚಳಿಕೆ ನೀಡತಕ್ಕದ್ದು. ಅವರ ಆದಾಯ, ವಲಸೆ ಬರುವವರೂ ಸೇರಿದ ಕುಟುಂಬದ ಗಾತ್ರಕ್ಕೆ ನಿಗದಿಯಾದ ಬಡತನ ಮಟ್ಟದ ಶೇಕಡ 125ಕ್ಕೆ ಕಡಿಮೆಯಿರಬಾರದು. ಆದಾಯ ಸಾಲದಿದ್ದಲ್ಲಿ ಅಮೆರಿಕದಲ್ಲಿ ವಾಸಿಸುವ ಮತ್ತೊಬ್ಬ ಪೌರ ಅಥವಾ ಖಾಯಂ ನಿವಾಸಿ ಜಂಟಿ ಪ್ರಾಯೋಜಕರಾಗಬಹುದು. ವಿವಾಹ ವಿಚ್ಛೇದನದಿಂದ ಈ ಹೊಣೆ ಕೊನೆಗೊಳ್ಳುವುದಿಲ್ಲ.

5. ಇಲ್ಲಿ ಪಡೆಯಬೇಕಾದ ದಾಖಲೆಗಳು

ಜನನ ಪ್ರಮಾಣಪತ್ರ: ಜನನವಾದ ಸ್ಥಳದ ಜನನ ಮರಣ ನೋಂದಣಾಧಿಕಾರಿಯಿಂದ ಪಡೆಯತಕ್ಕದ್ದು. ಮಗುವಿನ ಹೆಸರಿನ ಅಂಕಣ ಖಾಲಿಯಿದ್ದರೆ ನೋಂದಣಿಯ ದಿನದಿಂದ 15 ವರ್ಷಗಳೊಳಗೆ ಹೆಸರು ಸೇರಿಸಲು ನಿಯಮಗಳಲ್ಲಿ ಅವಕಾಶವಿದೆ. ತಪ್ಪು ನಮೂದುಗಳ ತಿದ್ದುಪಡಿಗೆ 1969ರ ಜನನ ಮರಣ ನೋಂದಣಿ ಅಧಿನಿಯಮದ 15ನೇ ಪ್ರಕರಣದಂತೆ ಅರ್ಜಿ ಸಲ್ಲಿಸಬಹುದು. ಜನನ ನೋಂದಣಿಯೇ ಆಗಿಲ್ಲದ ಹಿರಿಯರು ಅಲಭ್ಯತಾ ಪ್ರಮಾಣಪತ್ರ ಪಡೆದು, ಶಾಲಾ ದಾಖಲೆ ಹಾಗೂ ಜನನದ ವಿಷಯ ಬಲ್ಲ ಹಿರಿಯ ಬಂಧುಗಳ ಪ್ರಮಾಣಪತ್ರಿಕೆಗಳನ್ನು ಲಗತ್ತಿಸುವುದು. ಒಡಹುಟ್ಟಿದವರ ಅರ್ಜಿಯಲ್ಲಿ ಇಬ್ಬರ ಪತ್ರಗಳಿಂದಲೂ ತಂದೆ ಅಥವಾ ತಾಯಿ ಒಬ್ಬರೇ ಎಂಬುದು ಸ್ಪಷ್ಟವಾಗಬೇಕು.

ಹೆಸರಿನ ಸಾಮ್ಯ: ಊರಿನ ಹಾಗೂ ತಂದೆಯ ಹೆಸರಿನ ಇನಿಷಿಯಲ್‌ಗಳನ್ನು ಪಾಸ್‌ಪೋರ್ಟ್‌ನಲ್ಲಿ ವಿಸ್ತರಿಸಿರುವುದು, ವಿವಾಹಾನಂತರ ಸ್ತ್ರೀಯರ ಹೆಸರು ಬದಲಾಗಿರುವುದು ರಾಜ್ಯದಲ್ಲಿ ಸಾಮಾನ್ಯ. ಅಣ್ಣನ ಪತ್ರದಲ್ಲಿ ತಂದೆ “ರಾಮಪ್ಪ” ಎಂದೂ ತಂಗಿಯ ಪತ್ರದಲ್ಲಿ “ರಾಮರಾವ್” ಎಂದೂ ಇದ್ದರೆ ಸಂಬಂಧವೇ ಪ್ರಶ್ನಾರ್ಹವಾಗುತ್ತದೆ. ಇಂತಹ ವ್ಯತ್ಯಾಸಗಳನ್ನು ಸಂದರ್ಶನದ ಕರೆ ಬರುವವರೆಗೆ ಕಾಯದೆ, ಹಿರಿಯರು ಬದುಕಿರುವಾಗಲೇ ಸರಿಪಡಿಸಿಕೊಳ್ಳುವುದು ಸೂಕ್ತ.

ವಿವಾಹ ಪ್ರಮಾಣಪತ್ರ: ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ವಿವಾಹವನ್ನು ನೋಂದಾಯಿಸತಕ್ಕದ್ದು. ಆಮಂತ್ರಣ ಪತ್ರಿಕೆ, ಛಾಯಾಚಿತ್ರಗಳು ಪೂರಕ ಸಾಕ್ಷ್ಯ ಮಾತ್ರ.

ಪೊಲೀಸ್ ಪ್ರಮಾಣಪತ್ರ: 16 ವರ್ಷ ಮೀರಿದವರು ಪಾಸ್‌ಪೋರ್ಟ್ ಕಚೇರಿಯಿಂದ ಪಡೆಯತಕ್ಕದ್ದು.

ಭಾಷಾಂತರ: ಕನ್ನಡದ ದಾಖಲೆಗಳಿಗೆ, ಭಾಷಾಂತರಕಾರರ ದೃಢೀಕರಣವುಳ್ಳ ಇಂಗ್ಲಿಷ್ ಭಾಷಾಂತರವನ್ನು ಲಗತ್ತಿಸತಕ್ಕದ್ದು.

6. ಖಾಯಂ ನಿವಾಸ ದೊರೆತ ನಂತರ

ವಿವಾಹವಾಗಿ 2 ವರ್ಷ ತುಂಬುವ ಮೊದಲು ಪ್ರವೇಶಿಸುವ ಪತಿ ಅಥವಾ ಪತ್ನಿಗೆ 2 ವರ್ಷದ ಷರತ್ತಿನ ನಿವಾಸ ಮಾತ್ರ ದೊರೆಯುತ್ತದೆ. ಗ್ರೀನ್ ಕಾರ್ಡ್ ಪಡೆದ ತಂದೆ ತಾಯಿಯರು ಪುನಃಪ್ರವೇಶ ಪರವಾನಗಿಯಿಲ್ಲದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಸ್ವದೇಶದಲ್ಲಿ ತಂಗಿದರೆ ಆ ಹಕ್ಕು ಕಳೆದುಹೋಗುವ ಸಂಭವವಿದೆ. ಗ್ರೀನ್ ಕಾರ್ಡ್‌ನಿಂದ ಭಾರತದ ಪೌರತ್ವಕ್ಕೆ ಧಕ್ಕೆಯಿಲ್ಲ. ಅಮೆರಿಕದ ಪೌರತ್ವ ಸ್ವೀಕರಿಸಿದಾಗ ಅದು ಕೊನೆಗೊಳ್ಳುತ್ತದೆ.

ವಿಶೇಷ ಸೂಚನೆ

ಯಾವುದೇ ಮಧ್ಯವರ್ತಿಗೆ ಆದ್ಯತಾ ದಿನಾಂಕವನ್ನು ಮುಂದಕ್ಕೆ ತರುವ ಶಕ್ತಿಯಿಲ್ಲ. ಅಂತಹ ಭರವಸೆಗೆ ಹಣ ನೀಡಬಾರದೆಂದು ಸಾರ್ವಜನಿಕರಿಗೆ ತಿಳಿಯಪಡಿಸಲಾಗಿದೆ. ವಿಳಾಸ, ಇ-ಮೇಲ್ ಬದಲಾದಲ್ಲಿ ನ್ಯಾಷನಲ್ ವೀಸಾ ಸೆಂಟರ್‌ಗೆ ಕೂಡಲೇ ತಿಳಿಸತಕ್ಕದ್ದು. ವೀಸಾ ಲಭ್ಯವೆಂಬ ಸೂಚನೆ ಬಂದು ಒಂದು ವರ್ಷದೊಳಗೆ ಕ್ರಮ ಕೈಗೊಳ್ಳದಿದ್ದಲ್ಲಿ ನೋಂದಣಿ ರದ್ದಾಗಬಹುದು.