ಮರುಭೂಮಿಯ ಯುದ್ಧದಲ್ಲಿ ತಮ್ಮವರ ಗುರುತು

ಮರುಭೂಮಿಯಲ್ಲಿ ಮರೆಯೆಂಬುದಿಲ್ಲವಾದ್ದರಿಂದ ಶತ್ರುವನ್ನು ಗುರುತಿಸುವುದು ಸುಲಭವೆಂದು ನಾವು ಭಾವಿಸುವುದುಂಟು. ವಾಸ್ತವಸ್ಥಿತಿಯು ಇದಕ್ಕೆ ವಿರುದ್ಧವಾದುದು. ಬಿಸಿಲುಗುದುರೆಯೂ ಧೂಳೂ ಸೇರಿ ದೂರದ ಟ್ಯಾಂಕನ್ನು ಒಂದು ಕಪ್ಪು ಚುಕ್ಕೆಯನ್ನಾಗಿ ಮಾಡುತ್ತವೆ. ಫಿರಂಗಿಯ ಗುಂಡಾದರೋ ಆ ಚುಕ್ಕೆಯನ್ನು ಮುಟ್ಟಬಲ್ಲುದು. ದ್ರೋಣಪರ್ವದ ರಾತ್ರಿಯುದ್ಧದಲ್ಲಿ ವೀರರು ತಂತಮ್ಮ ಹೆಸರನ್ನು ಕೂಗಿ ಹೇಳಿಕೊಂಡು ಹೋರಾಡಿದರಂತೆ. ಉಕ್ಕಿನ ಪೆಟ್ಟಿಗೆಯೊಳಗೆ, ಇಂಜಿನ್ನಿನ ಆರ್ಭಟದ ನಡುವೆ ಕುಳಿತವನು ಕೂಗಿದರೆ ಕೇಳುವವರಾರು?

ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದ ರಣರಂಗದಲ್ಲಿ ಈ ತೊಡಕು ಇಮ್ಮಡಿಯಾಯಿತು. ಏಕೆಂದರೆ ಉಭಯ ಪಕ್ಷದವರೂ ಎದುರಾಳಿಯಿಂದ ಕಸಿದುಕೊಂಡ ವಾಹನಗಳನ್ನು ಬಳಸುತ್ತಿದ್ದರು. 1941ರ ಜನವರಿಯಲ್ಲಿ, ಟೊಬ್ರುಕ್ ಪಟ್ಟಣದ ಮೇಲೆ ದಾಳಿ ನಡೆದಾಗ, ಆಸ್ಟ್ರೇಲಿಯದವರು ಇಟಲಿಯ ಟ್ಯಾಂಕುಗಳನ್ನೇ ಏರಿದರು. ತಮ್ಮವರೇ ಹೊಡೆದಾರೆಂದು ಅವುಗಳ ಮೇಲೆ ದೊಡ್ಡ ಬಿಳಿಯ ಕಾಂಗರೂಗಳನ್ನು ಬರೆದುಕೊಂಡರು. ಯುದ್ಧದ ನಡುವೆಯೂ ಇದು ನಗು ತರಿಸುವ ಚಿತ್ರವೇ ಸರಿ. ಜರ್ಮನರ ಕೈಸೇರಿದ ಬ್ರಿಟಿಷ್ ಮಟಿಲ್ಡ ಟ್ಯಾಂಕುಗಳ ಮೇಲೆ ಕರಿಯ ಶಿಲುಬೆ ಮೂಡಿತು. ಬ್ರಿಟಿಷರು ತಮ್ಮ ಟ್ಯಾಂಕುಗಳಿಗೆ ಬಿಳಿ, ಕೆಂಪು, ಬಿಳಿ ಪಟ್ಟೆ ಬಳಿದರು. ರೇಡಿಯೋ ಕಂಬಕ್ಕೆ ಸಣ್ಣ ಬಾವುಟಗಳನ್ನು ಕಟ್ಟಿದರು. ಆದರೆ ಬಣ್ಣವು ಶತ್ರುವಿಗೂ ದೊರೆಯತಕ್ಕ ವಸ್ತು. ಧೂಳು ಮೆತ್ತಿದರಂತೂ ಯಾರಿಗೂ ಕಾಣದು.

ಐವತ್ತು ವರ್ಷಗಳ ತರುವಾಯ, 1991ರ ಕೊಲ್ಲಿ ಯುದ್ಧದ ಹೊತ್ತಿಗೆ, ಕತ್ತಲೆಯಲ್ಲಿಯೂ ಇಂಜಿನ್ನಿನ ಶಾಖವನ್ನು ಕಾಣಿಸುವ ದರ್ಶಕಯಂತ್ರಗಳು ಬಂದಿದ್ದುವು. ದೂರದಿಂದ ಅವುಗಳಲ್ಲಿ ಕಾಣುತ್ತಿದ್ದುದು ಶಾಖದ ಮುದ್ದೆ ಮಾತ್ರ; ಅದು ಯಾರ ವಾಹನವೆಂಬುದಲ್ಲ. ಆ ಯುದ್ಧದಲ್ಲಿ ಹೋರಾಡುತ್ತ ಮಡಿದ 148 ಮಂದಿ ಅಮೆರಿಕನ್ ಯೋಧರಲ್ಲಿ 35 ಮಂದಿ ಸ್ವಪಕ್ಷದ ಗುಂಡಿಗೆ ಬಲಿಯಾದರು. ಅವರಲ್ಲಿ 24 ಮಂದಿಯನ್ನು ಕೊಂದುದು ನೆಲದ ಮೇಲಿನ ಪಡೆಗಳೇ. ಸುಟ್ಟ ವಾಹನಗಳಲ್ಲಿ ಯುರೇನಿಯಮ್ ಗುಂಡಿನ ಕುರುಹು ದೊರೆತುದರಿಂದ ಅನೇಕ ಪ್ರಸಂಗಗಳಲ್ಲಿ ನಿಜಾಂಶವು ಹೊರಬಿತ್ತು. ಅಂತಹ ಗುಂಡು ಇರಾಕಿನವರಲ್ಲಿ ಇರಲೇ ಇಲ್ಲ.

ಅನಂತರ ಶಾಖದರ್ಶಕದಲ್ಲಿ ತಣ್ಣಗೆ ಕಾಣುವ ಫಲಕಗಳನ್ನು ವಾಹನಗಳಿಗೆ ತೊಡಿಸಿದರು. ಉಪಗ್ರಹದ ನೆರವಿನಿಂದ ತಮ್ಮ ವಾಹನಗಳು ಎಲ್ಲೆಲ್ಲಿವೆಯೆಂದು ನಕ್ಷೆಯಲ್ಲಿ ತೋರಿಸುವ ಸಾಧನವನ್ನೂ ಅಳವಡಿಸಿದರು. ಈ ಎರಡನೆಯ ಉಪಾಯವೇ ಮೇಲೆಂದು ನನ್ನ ಅಭಿಪ್ರಾಯ. ನಮ್ಮವರು ಎಲ್ಲಿದ್ದಾರೆಂಬುದು ತಿಳಿಯದಿದ್ದರೆ ಕಣ್ಣಿಗೆ ಬಿದ್ದ ಗುರುತನ್ನೂ ಮನಸ್ಸು ತಪ್ಪಾಗಿ ಓದುತ್ತದೆ. 2003ರ ಮಾರ್ಚ್ 28ರಂದು ಬಸ್ರಾದ ಉತ್ತರಕ್ಕೆ ಸಾಗುತ್ತಿದ್ದ ಬ್ರಿಟಿಷ್ ವಾಹನಗಳ ಮೇಲೆ ಕಿತ್ತಳೆ ಬಣ್ಣದ ಗುರುತುಪಟಗಳಿದ್ದುವು. ಅಲ್ಲಿ ನಮ್ಮವರಾರೂ ಇಲ್ಲವೆಂಬ ಮಾತನ್ನು ಅಮೆರಿಕದ ಇಬ್ಬರು ವೈಮಾನಿಕರು ಮೊದಲೇ ಕೇಳಿದ್ದರು. ಪಟಗಳು ಅವರಿಗೆ ಕಾಣದೆ ಹೋಗಲಿಲ್ಲ. ಕಿತ್ತಳೆ ಬಣ್ಣದ ರಾಕೆಟ್ಟುಗಳೆಂದು ತಿಳಿದು ಗುಂಡು ಹಾರಿಸಿದರು. ಒಬ್ಬ ಬ್ರಿಟಿಷ್ ಯೋಧನು ಸತ್ತನು.