ಪಲ್ಮಡಿಯ ‘ಪ’, ಉಲಾನ್‌ಬಾತರಿನ ‘ಹ’

ಬಿಕ್ಕೋಡು, ಬೇಲೂರು ಸೀಮೆಯ ಹಳ್ಳಿ ಮಾತಿನಲ್ಲಿ ಹಾಸನ ಎಷ್ಟೋ ಸಲ ‘ಆಸನ’ವಾಗುತ್ತದೆ, ಹಳೇಬೀಡು ‘ಅಳೇಬೀಡು’, ಹಾಲು ‘ಆಲು’. ಮೇಷ್ಟ್ರುಗಳು ತಿದ್ದುತ್ತಲೇ ಬಂದಿದ್ದಾರೆ, ಮಾತು ತನ್ನ ಪಾಡಿಗೆ ತಾನು ನಡೆದಿದೆ. ಇದೇ ತಾಲ್ಲೂಕಿನ ಹಲ್ಮಿಡಿಯಲ್ಲಿ ಎಂ. ಎಚ್. ಕೃಷ್ಣ 1936ರಲ್ಲಿ ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರ ಶಾಸನದಲ್ಲಿ ಆ ಊರಿನ ಹೆಸರು ‘ಪಲ್ಮಡಿ’. ಮುಂದೆ ಕನ್ನಡದ ಪದಾದಿಯ ಪಕಾರ ಹಕಾರವಾಯಿತು, ಹಳ್ಳಿ ಬಾಯಲ್ಲಿ ಆ ಹಕಾರವೂ ಉದುರಿತು. ತಮಿಳು, ತೆಲುಗು ಮಾತ್ರ ಹಳೆಯ ಪಕಾರವನ್ನು ಬಿಟ್ಟುಕೊಡಲಿಲ್ಲ.

ಬೇಲೂರಿಗೆ ಯಾವ ನಂಟೂ ಇಲ್ಲದ ಮಂಗೋಲ್ ಭಾಷಾವರ್ಗ ತುಳಿದದ್ದೂ ಇದೇ ಹಾದಿ.

ಇಂದಿನ ಮಂಗೋಲಿಯಾದ ಖಲ್ಖಾ ನುಡಿಯಲ್ಲಿ ಕೆಂಪಿಗೆ ‘ಉಲಾನ್’ ಎನ್ನುತ್ತಾರೆ. ರಾಜಧಾನಿ ಉಲಾನ್‌ಬಾತರ್ ಎಂದರೆ ಕೆಂಪು ವೀರ. ಹದಿಮೂರನೆಯ ಶತಮಾನದಲ್ಲಿ ಈ ‘ಉಲಾನ್’ ಪದದ ಮೊದಲಲ್ಲಿ ಹಕಾರವಿತ್ತು, ‘ಹುಲಾನ್’ ಅನ್ನುವಂತೆ. ಚೀನಾದ ಚಿಂಗ್‌ಹಾಯ್ ಪ್ರಾಂತದ ಮೊಂಗೂರ್ ಜನ ಈಗಲೂ ‘ಫುಲಾನ್’ ಅನ್ನುತ್ತಾರೆ. ಇವೆಲ್ಲದರ ಬುಡದಲ್ಲಿ ಒಂದು ಪಕಾರವಿತ್ತೆಂಬುದು ಭಾಷಾವಿಜ್ಞಾನಿಗಳ ಲೆಕ್ಕ. ನಡುನಾಡು ಮರೆತದ್ದನ್ನು ಅಂಚಿನ ನುಡಿಗಳು ಕಾಪಾಡಿಕೊಂಡಿವೆ. ಹೀಗೆ ಮಾತಿನಲ್ಲಿ ಅಡಗಿಹೋದ ಹಕಾರದ ಪದಗಳನ್ನು ಹೆಕ್ಕಿ 1925ರಲ್ಲಿ ಪ್ರಕಟಿಸಿದವರು ಫ್ರೆಂಚ್ ವಿದ್ವಾಂಸ ಪಾಲ್ ಪೆಲಿಯೊ.

ಅವರಿಗೆ ಕೆಲಸ ಸುಲಭವಾಗಿರಲಿಲ್ಲ. ಚಂಗೀಸ್ ಖಾನ್ ಆಡಳಿತಕ್ಕೆ ತಂದುಕೊಂಡ ಉಯ್ಗುರ್ ಲಿಪಿ ಪದಾದಿಯ ಹಕಾರವನ್ನು ಬರೆಯುತ್ತಲೇ ಇರಲಿಲ್ಲ. ಆ ಲಿಪಿಯಲ್ಲಿರುವ ಮೊದಲ ಮಂಗೋಲ್ ಕಲ್ಬರಹ ಸುಮಾರು 1225ರದು. ದೋರಸಮುದ್ರದಲ್ಲಿ ಆಗ ಹೊಯ್ಸಳ ಇಮ್ಮಡಿ ನರಸಿಂಹ ಆಳುತ್ತಿದ್ದ. ಚಂಗೀಸನ ತಮ್ಮನ ಮಗ ಯಿಸುಂಗೆ 335 ಮಾರು ದೂರಕ್ಕೆ ಬಾಣ ಬಿಟ್ಟನೆಂಬುದೇ ಅದರ ಸುದ್ದಿ. ನಮ್ಮ ಶಾಸನಗಳ ದಾನ, ಶಾಪ, ಸಾಕ್ಷಿಗಳ ಗೊಡವೆ ಅದಕ್ಕಿಲ್ಲ!

ಹಕಾರದ ಗುಟ್ಟು ಬಿಟ್ಟುಕೊಟ್ಟ ದಾಖಲೆಗಳಲ್ಲಿ ಮುಖ್ಯವಾದದ್ದು, ಕುಬ್ಲಾಯ್ ಖಾನ್ 1269ರಲ್ಲಿ ಜಾರಿಗೆ ತಂದ ಫಗ್ಸ್‌ಪಾ ಲಿಪಿ. ಟಿಬೆಟಿನ ಲಾಮಾ ಒಬ್ಬರು ಟಿಬೆಟನ್ ಅಕ್ಷರಗಳಿಂದಲೇ ರೂಪಿಸಿದ್ದು. ಟಿಬೆಟನ್ ಲಿಪಿಯ ಮೂಲ ಬ್ರಾಹ್ಮಿ, ಕನ್ನಡದ್ದೂ ಬ್ರಾಹ್ಮಿಯೇ. ಇನ್ನೂ ಸೋಜಿಗದ ಮಾತು: ಮಂಗೋಲಿಯಾದ ಬುಲ್ಗನ್ ಪ್ರಾಂತದಲ್ಲಿ 1975ರಲ್ಲಿ ಸಿಕ್ಕ ಹೂಯಿಸ್ ತೊಲ್ಗೊಯ್ ಕಲ್ಲು ಬ್ರಾಹ್ಮಿಯಲ್ಲಿದೆ. ಕ್ರಿ.ಶ. 600ರ ಆಸುಪಾಸಿನ ಅದರ ಭಾಷೆ ಮಂಗೋಲ್ ಕುಲದ್ದೆಂದು ದೀತರ್ ಮಾವೆ, ಅಲೆಕ್ಸಾಂಡರ್ ವೋವಿನ್ ಮೊದಲಾದವರು ಓದಿ ಹೇಳಿದ್ದು ತೀರ ಈಚೆಗೆ. ಹಲ್ಮಿಡಿಯ ಲಿಪಿಗೂ ಅದಕ್ಕೂ ಮೂಲ ಒಂದೇ.

ಆಮೇಲಿನ ಕತೆ ಕವಲುಗಳದ್ದು. ಪಶ್ಚಿಮದ ಒಯ್ರಾತರಿಗಾಗಿ ಜಯಾ ಪಂಡಿತ 1648ರಲ್ಲಿ ‘ತೊದೊ’ ಎಂಬ ಲಿಪಿ ಮಾಡಿದ. ಅವರಲ್ಲೇ ಒಂದು ಗುಂಪು ವೋಲ್ಗಾ ದಂಡೆಗೆ ಹೋಗಿ ಕಲ್ಮೀಕರೆನಿಸಿತು. 1943ರಲ್ಲಿ ಸ್ಟಾಲಿನ್ ಈ ಕಲ್ಮೀಕರನ್ನು ಇಡಿಯಾಗಿ ಸೈಬೀರಿಯಾಕ್ಕೆ ಅಟ್ಟಿದ. ಮರಳಲು ಬಿಟ್ಟದ್ದು 1957ರಲ್ಲಿ. ಆ ಪೆಟ್ಟಿನಿಂದ ಕಲ್ಮೀಕ್ ನುಡಿ ಇನ್ನೂ ಚೇತರಿಸಿಕೊಂಡಿಲ್ಲ. ಬೈಕಲ್ ಸರೋವರದ ಕಡೆಯ ಬುರ್ಯಾತರಿಗೆ, ಖಲ್ಖಾ ಜನರಿಗೆ ರಷ್ಯನ್ ಅಕ್ಷರ ಬಂತು. ಚೀನಾದ ಒಳಮಂಗೋಲಿಯಾ ಹಳೆಯ ಉದ್ದ ಸಾಲಿನ ಲಿಪಿಯನ್ನೇ ಉಳಿಸಿಕೊಂಡಿತು.

ಈ ಕವಲುಗಳು ಕಲೆಯುವ ಒಂದು ಜಾಗ ಕರ್ನಾಟಕದಲ್ಲೇ ಇದೆ. ಉತ್ತರ ಕನ್ನಡದ ಮುಂಡಗೋಡದಲ್ಲಿ 1966ರಲ್ಲಿ ಟಿಬೆಟನ್ ನಿರಾಶ್ರಿತರ ಶಿಬಿರ ಆರಂಭವಾಯಿತು. ಅಲ್ಲಿಯ ಡ್ರೆಪುಂಗ್ ಗೊಮಾಂಗ್ ಮಠಕ್ಕೆ ಖಲ್ಖಾ, ಬುರ್ಯಾತ್, ಕಲ್ಮೀಕ್ ಹುಡುಗರು ಓದಲು ಬರುತ್ತಾರೆ. ಲಾಸಾದಲ್ಲಿದ್ದಾಗಲೂ ಮಂಗೋಲರು ಹೋಗುತ್ತಿದ್ದ ಮಠವದು. ಪಾಠವೆಲ್ಲ ಟಿಬೆಟನ್ನಿನಲ್ಲಿ. ಅಮೆರಿಕದ ಫಿಲಡೆಲ್ಫಿಯಾದ ಕಲ್ಮೀಕ್ ಮನೆಯಲ್ಲಿ 1972ರಲ್ಲಿ ಹುಟ್ಟಿದ ತೇಲೊ ತುಲ್ಕು ರಿಂಪೋಚೆ ಬಾಲಕನಾಗಿ ಬಂದು ಓದಿದ್ದು ಇಲ್ಲಿ. 1992ರಲ್ಲಿ ಅವರು ಕಲ್ಮೀಕಿಯಾದ ಪ್ರಧಾನ ಲಾಮಾ ಆದರು.